ಚರ್ಚಿನ ಕಲ್ಲು ಕರಗಿಸಿ ಮಾಡಿದ ಸೋಡಾ

ಒಂದು ಬೇಸಿಗೆಯಲ್ಲಿ ಮನೆಯಲ್ಲೇ ಐಸ್‌ಕ್ರೀಮ್ ಸೋಡಾ ಮಾಡೋಣ ಅಂತ ಹೊರಟೆ. ಉದ್ದದ ಲೋಟಕ್ಕೆ ಎರಡು ಉಂಡೆ ವೆನಿಲಾ ಹಾಕಿದೆ. ಅಂಗಡಿಯಿಂದ ತಂದ ಸೋಡಾ ಬಾಟಲಿ ತೆರೆದು ಮೇಲಿಂದ ಸುರಿದೆ. ಎರಡು ಸೆಕೆಂಡ್ ಏನೂ ಆಗಲಿಲ್ಲ. ಆಮೇಲೆ ಒಲೆ ಮೇಲೆ ಹಾಲು ಉಕ್ಕಿದ ಹಾಗೆ ನೊರೆ ಉಕ್ಕಿತು. ಲೋಟ ದಾಟಿ, ಮೇಜು ದಾಟಿ, ಪಕ್ಕದಲ್ಲಿದ್ದ ಪೇಪರನ್ನೂ ನೆನೆಸಿಬಿಟ್ಟಿತು. ಲೋಟದಲ್ಲಿ ಉಳಿದದ್ದು ಅರ್ಧ ಕರಗಿದ ಐಸ್‌ಕ್ರೀಮು ಮತ್ತು ಉಸಿರು ಹೋದ ಸೋಡಾ. ಕುಡಿದರೆ ಬರೀ ಸಪ್ಪೆ.

ನಾನು ಏನು ತಪ್ಪು ಮಾಡಿದ್ದೆ ಅನ್ನುವುದು ಗೊತ್ತಾಗಿದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಅಲ್ಲಿನ ಮಾರ್ಕೆಟ್ ಸ್ಟ್ರೀಟಿನಲ್ಲಿ, ನದಿಯ ಹತ್ತಿರ, ಫ್ರಾಂಕ್ಲಿನ್ ಫೌಂಟನ್ ಅಂತ ಒಂದು ಅಂಗಡಿ ಇದೆ. ನ್ಯೂಜೆರ್ಸಿಯಲ್ಲಿರುವ ಭಾವ ಮತ್ತು ಅವರ ಮಗಳು ಕರೆದುಕೊಂಡು ಹೋಗಿದ್ದರು. ತಗಡಿನ ಚಿತ್ತಾರದ ಚಾವಣಿ, ಕಲ್ಲಿನ ಕೌಂಟರು, ಬೋ ಟೈ ಕಟ್ಟಿಕೊಂಡ ಹುಡುಗರು. ನೂರು ವರ್ಷದ ಹಿಂದೆ ಹೊಕ್ಕ ಹಾಗೆ ಕಾಣುತ್ತದೆ. ಆದರೆ ಅಂಗಡಿ ಶುರುವಾಗಿದ್ದು 2004ರಲ್ಲಿ. ಹಳೆಯದು ಅಂತ ನಂಬಿ ಹೋದವರಿಗೆ ಸ್ವಲ್ಪ ಬೇಜಾರಾಗಬಹುದು. ನನಗೆ ಆಗಲಿಲ್ಲ. ನಾಟಕದ ವೇಷ ಹೊಸದಾದರೂ ಆಡುವ ಪ್ರಸಂಗ ಹಳೆಯದೇ ಅಲ್ವಾ?

ನಾನು ಐಸ್‌ಕ್ರೀಮ್ ಸೋಡಾ ಕೇಳಿದೆ. ಹುಡುಗ ಮೊದಲು ಲೋಟದ ತಳಕ್ಕೆ ಪಾಕ ಹಾಕಿದ. ಸ್ವಲ್ಪವೇ ಐಸ್‌ಕ್ರೀಮ್ ಹಾಕಿ ಚಮಚದಿಂದ ಕಲಸಿದ. ನಲ್ಲಿಯಿಂದ ಸೋಡಾ ಬಿಟ್ಟ. ಲೋಟ ಮುಕ್ಕಾಲು ತುಂಬಿದ ಮೇಲೆ ಒಂದು ಉಂಡೆ ಐಸ್‌ಕ್ರೀಮನ್ನು ನೀರಿಗೆ ಬೀಳಿಸದೆ ಲೋಟದ ಅಂಚಿಗೆ ಸಿಕ್ಕಿಸಿದ. ಕೊನೆಗೆ ಸಣ್ಣ ಧಾರೆಯಲ್ಲಿ ಒಂದಿಷ್ಟು ಸೋಡಾ. ನೊರೆ ಮೇಲೆದ್ದು, ಅಂಚಿಗಿಂತ ಒಂದು ಬೆರಳು ಎತ್ತರಕ್ಕೆ ಬಂದು ನಿಂತಿತು. ಒಂದು ಹನಿ ಕೆಳಗೆ ಬೀಳಲಿಲ್ಲ.

"ಮಾವ, ಇವರು ಇಷ್ಟೊಂದು ನಿಧಾನ ಯಾಕೆ ಮಾಡ್ತಾರೆ?" ಅಂತ ಭಾವನ ಮಗಳು ಕೇಳಿದಳು. ಈ ಲೇಖನ ಅವಳ ಪ್ರಶ್ನೆಗೆ ಉತ್ತರ. ಸ್ವಲ್ಪ ಉದ್ದವಾಯಿತು. ಸೋಡಾ ಫೌಂಟನ್ ಅಂದರೆ ನೋಡಲು ಐಸ್‌ಕ್ರೀಮ್ ಅಂಗಡಿ. ಒಳಗಿನ ಕೆಲಸ ನೋಡಿದರೆ ಅದೊಂದು ಪುಟ್ಟ ಗ್ಯಾಸ್ ಕಾರ್ಖಾನೆ. ಓಡಿಹೋಗುವ ಗಾಳಿಯನ್ನು ನೀರಿನೊಳಗೆ ಹಿಡಿದು, ಗಿರಾಕಿಯ ತುಟಿ ಮುಟ್ಟುವವರೆಗೆ ಬಿಡದೆ ಇಟ್ಟುಕೊಳ್ಳುವುದೇ ಅಲ್ಲಿನ ಕಸುಬು. ಅಲ್ಲಿನ ನಲ್ಲಿ, ಲೋಟ, ಐಸು, ಹುಡುಗನ ಕೈಚಳಕ ಎಲ್ಲವೂ ಈ ಒಂದು ಕೆಲಸಕ್ಕೆ.

ಔಷಧದಂಗಡಿಯಲ್ಲಿ ಶುರುವಾದದ್ದು

ಯುರೋಪಿನಲ್ಲಿ ಕೆಲವು ಊಟೆಗಳ ನೀರು ತಾನಾಗಿಯೇ ಗುಳ್ಳೆ ಬಿಡುತ್ತದೆ. ಆ ನೀರು ಕುಡಿದರೆ ಕಾಯಿಲೆ ವಾಸಿಯಾಗುತ್ತದೆ ಅಂತ ಜನ ದೂರದೂರದಿಂದ ಹೋಗುತ್ತಿದ್ದರು. ಅದೇ ನೀರನ್ನು ಊರಲ್ಲೇ ಮಾಡಲು ಬಂದರೆ? ಹದಿನೆಂಟನೇ ಶತಮಾನದ ರಸಾಯನಶಾಸ್ತ್ರಜ್ಞರಿಗೆ ಇದೊಂದು ಹುಚ್ಚು.

1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಜೋಸೆಫ್ ಪ್ರೀಸ್ಟ್ಲಿ ಅನ್ನುವ ಪಾದ್ರಿಯ ಮನೆ ಪಕ್ಕ ಒಂದು ಬಿಯರ್ ಭಟ್ಟಿ ಇತ್ತು. ಹುಳಿ ಬರುತ್ತಿರುವ ಬಿಯರಿನ ತೊಟ್ಟಿಗಳ ಮೇಲೆ ಒಂದು ಬಗೆಯ ಗಾಳಿ ಕವಿದಿರುತ್ತದೆ. ಅದರಲ್ಲಿ ದೀಪ ಹಿಡಿದರೆ ಆರಿಹೋಗುತ್ತದೆ. ಪ್ರೀಸ್ಟ್ಲಿ ಆ ಗಾಳಿಯಲ್ಲಿ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನೀರು ಹೊಯ್ದು ನೋಡಿದ. ನಮ್ಮ ಹೋಟೆಲಿನವರು ಕಾಫಿ ಆರಿಸುವ ಹಾಗೆ ಅಂದುಕೊಳ್ಳಿ. ನೀರಿಗೆ ಊಟೆ ನೀರಿನ ಚುರುಕು ಬಂತು. ಆ ಗಾಳಿಯೇ ಇಂಗಾಲದ ಡೈಆಕ್ಸೈಡ್. 1772ರಲ್ಲಿ ಇದನ್ನು ಮಾಡುವ ವಿಧಾನವನ್ನು ಅವನು ಅಚ್ಚು ಹಾಕಿಸಿದ. ಹಡಗಿನವರಿಗೆ ಬರುವ ಸ್ಕರ್ವಿ ಕಾಯಿಲೆಗೆ ಇದು ಮದ್ದು ಅಂತ ನಂಬಿದ್ದ. ಅದು ಸುಳ್ಳಾಯಿತು. ಸೋಡಾ ಮಾತ್ರ ಉಳಿಯಿತು. ಜಿನೀವಾದಲ್ಲಿ ಯಾಕೋಬ್ ಷ್ವೆಪ್ 1783ರಲ್ಲಿ ಅದನ್ನೇ ವ್ಯಾಪಾರ ಮಾಡಿದ. ಇವತ್ತಿಗೂ ಬಾಟಲಿಗಳ ಮೇಲೆ ಕಾಣುವ ಶ್ವೆಪ್ಸ್ ಅವನ ಹೆಸರೇ.

ಪ್ರೀಸ್ಟ್ಲಿ ಕೊನೆಗಾಲದಲ್ಲಿ ಅಮೆರಿಕಕ್ಕೆ ಹೋಗಿ ಪೆನ್ಸಿಲ್ವೇನಿಯಾದಲ್ಲೇ ನೆಲೆಸಿದ, ಅಲ್ಲೇ 1804ರಲ್ಲಿ ತೀರಿಕೊಂಡ. ಬೆಂಜಮಿನ್ ಫ್ರಾಂಕ್ಲಿನ್ ಅವನ ಸ್ನೇಹಿತ. ಫ್ರಾಂಕ್ಲಿನ್ ಮನೆ ಇದ್ದ ಜಾಗ ನಾನು ಸೋಡಾ ಕುಡಿದ ಅಂಗಡಿಯಿಂದ ಒಂದೆರಡು ಬೀದಿ ಅಷ್ಟೇ. ಸುಮ್ನೆ ಹೇಳಿದೆ.

ಕಾಯಿಲೆಗೆ ಮದ್ದು ಅಂದಮೇಲೆ ಮಾರುವವರು ಯಾರು? ಔಷಧದಂಗಡಿಯವರು. ಆಸಿಡ್ಡು, ಗಾಜಿನ ಪಾತ್ರೆ, ಅಳತೆ ಎಲ್ಲ ಗೊತ್ತಿದ್ದವರೂ ಅವರೇ. ಫಿಲಡೆಲ್ಫಿಯಾದ ಹೆಸರಾಂತ ವೈದ್ಯ ಫಿಲಿಪ್ ಸಿಂಗ್ ಫಿಸಿಕ್ 1807ರಲ್ಲಿ ತನ್ನ ರೋಗಿಗಳಿಗೆ ಗುಳ್ಳೆ ನೀರು ಮಾಡಿಕೊಡು ಅಂತ ಟೌನ್ಸೆಂಡ್ ಸ್ಪೀಕ್‌ಮನ್ ಅನ್ನುವ ಔಷಧ ವ್ಯಾಪಾರಿಗೆ ಹೇಳಿದ. ಸ್ಪೀಕ್‌ಮನ್ ಅದಕ್ಕೆ ಹಣ್ಣಿನ ರುಚಿ ಸೇರಿಸಿದ. ರೋಗಿಗಳಿಗೆ ಹಿಡಿಸಿತು. ಹೀಗೆ ಮದ್ದು ಷರಬತ್ತಾಯಿತು. ಆಮೇಲೆ ಕಾಯಿಲೆ ಇಲ್ಲದವರೂ ಬರಲು ಶುರು ಮಾಡಿದರು, ಅಂಗಡಿಯವನು ಯಾಕೆ ಬೇಡ ಅನ್ನುತ್ತಾನೆ?

ಇವತ್ತಿನ ದೊಡ್ಡ ಹೆಸರುಗಳು ಹುಟ್ಟಿದ್ದೂ ಹೀಗೆಯೇ. 1885ರಲ್ಲಿ ಟೆಕ್ಸಾಸಿನ ವೇಕೊ ಊರಿನ ಔಷಧದಂಗಡಿಯಲ್ಲಿ ಡಾಕ್ಟರ್ ಪೆಪ್ಪರ್. 1886ರ ಮೇ 8ರಂದು ಅಟ್ಲಾಂಟಾದ ಜೇಕಬ್ಸ್ ಫಾರ್ಮಸಿಯಲ್ಲಿ ಕೋಕಾ ಕೋಲಾ, ಲೋಟಕ್ಕೆ 5 ಸೆಂಟ್. ಮೊದಲ ವರ್ಷ ದಿನಕ್ಕೆ ಸರಾಸರಿ 9 ಲೋಟ ಖರ್ಚಾಗುತ್ತಿತ್ತಂತೆ. ನಮ್ಮೂರಿನ ಕಬ್ಬಿನ ಹಾಲಿನ ಗಾಡಿಯವನು ಅರ್ಧ ಗಂಟೆಯಲ್ಲಿ ಅದಕ್ಕಿಂತ ಜಾಸ್ತಿ ಮಾರುತ್ತಾನೆ.

ಒತ್ತಡ, ತಂಪು, ಕುಲುಕಾಟ

ಈಗ ಮುಖ್ಯ ವಿಷಯಕ್ಕೆ ಬರೋಣ. ಗ್ಯಾಸು ನೀರಿನೊಳಗೆ ಹೋಗುವುದು ಹೇಗೆ?

ಸಕ್ಕರೆ ಕರಗಿಸಬೇಕಾದರೆ ನೀರು ಬಿಸಿ ಮಾಡುತ್ತೇವೆ. ಗ್ಯಾಸಿನ ಲೆಕ್ಕ ಇದಕ್ಕೆ ಪೂರಾ ಉಲ್ಟಾ. ನೀರು ತಣ್ಣಗಿದ್ದಷ್ಟೂ ಗ್ಯಾಸು ಒಳಗಿರುತ್ತದೆ, ಬಿಸಿಯಾದರೆ ಎದ್ದುಹೋಗುತ್ತದೆ. ಮಾಮೂಲಿ ಗಾಳಿಯ ಒತ್ತಡದಲ್ಲಿ, ಇನ್ನೇನು ಹೆಪ್ಪುಗಟ್ಟಬೇಕು ಅನ್ನುವಷ್ಟು ತಣ್ಣಗಿನ ಒಂದು ಲೀಟರ್ ನೀರು ಸುಮಾರು 1.7 ಲೀಟರ್ ಇಂಗಾಲದ ಡೈಆಕ್ಸೈಡ್ ಹಿಡಿದುಕೊಳ್ಳುತ್ತದೆ. ಅದೇ ನೀರು 20 ಡಿಗ್ರಿಗೆ ಬಂದರೆ ಹಿಡಿಯುವುದು 0.9 ಲೀಟರ್ ಆಸುಪಾಸು, ಹೆಚ್ಚೂಕಡಿಮೆ ಅರ್ಧ. ಬಿಸಿಲಲ್ಲಿಟ್ಟ ಸೋಡಾ ಮುಚ್ಚಳ ತೆಗೆದ ಕೂಡಲೇ ಬುಸ್ ಅನ್ನುವುದು, ಆಮೇಲೆ ಬಾಯಿಗೆ ಸಪ್ಪೆಯಾಗುವುದು ಇದಕ್ಕೇ.

ಎರಡನೆಯದು ಒತ್ತಡ. ನೀರಿನ ಮೇಲೆ ಗ್ಯಾಸನ್ನು ಎರಡು ಪಟ್ಟು ಒತ್ತಡದಲ್ಲಿ ಅದುಮಿದರೆ ಎರಡು ಪಟ್ಟು ಒಳಗಿಳಿಯುತ್ತದೆ. ನಾಲ್ಕು ಪಟ್ಟು ಅದುಮಿದರೆ ನಾಲ್ಕು ಪಟ್ಟು. ಸರಳ ಲೆಕ್ಕ. ಮೂರನೆಯದು ಕುಲುಕಾಟ. ಒತ್ತಡ ಹಾಕಿ ಸುಮ್ಮನೆ ಕೂತರೆ ಗ್ಯಾಸು ನೀರಿನ ಮೇಲ್ಭಾಗದಲ್ಲಷ್ಟೇ ಇಳಿಯುತ್ತದೆ, ತಳ ಮುಟ್ಟಲು ತುಂಬಾ ಹೊತ್ತು ಬೇಕು. ಪಾತ್ರೆ ಅಲ್ಲಾಡಿಸಿದರೆ ನೀರು ಮಗುಚಿ ಮಗುಚಿ ಎಲ್ಲ ಭಾಗಕ್ಕೂ ಗ್ಯಾಸು ಸಿಗುತ್ತದೆ.

ಈ ಮೂರನ್ನೂ ಒಂದು ಯಂತ್ರದಲ್ಲಿ ಕೂಡಿಸಿ ಅಮೆರಿಕದಲ್ಲಿ ದೊಡ್ಡ ವ್ಯಾಪಾರ ಮಾಡಿದವನು ಜಾನ್ ಮ್ಯಾಥ್ಯೂಸ್. ಇಂಗ್ಲೆಂಡಿನಿಂದ ಬಂದು 1832ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಅಂಗಡಿ ಹಾಕಿದ್ದ. ಸೀಸದ ಒಳಪದರ ಕೊಟ್ಟ ಎರಕದ ಕಬ್ಬಿಣದ ಹಂಡೆಯಲ್ಲಿ ಗಂಧಕಾಮ್ಲ ಮತ್ತು ಸುಣ್ಣದಂಶದ ಕಲ್ಲಿನ ಪುಡಿ ಸೇರಿಸುವುದು. ಆಸಿಡ್ಡು ಕಲ್ಲನ್ನು ತಿನ್ನುತ್ತದೆ, ಗ್ಯಾಸು ಹೊರಡುತ್ತದೆ. ಅದನ್ನು ನೀರಿನ ಮೂಲಕ ಹಾಯಿಸಿ ತೊಳೆಯುವುದು. ಆಮೇಲೆ ತಣ್ಣೀರಿನ ಪೀಪಾಯಿಗೆ ತುಂಬಿ, ಪೀಪಾಯಿಯನ್ನು ತೊಟ್ಟಿಲು ತೂಗಿದ ಹಾಗೆ ತೂಗುವುದು. ಕಾಲು ಗಂಟೆ, ಅರ್ಧ ಗಂಟೆ.

ಆ ಕಲ್ಲು ಎಲ್ಲಿಂದ? ಸುಣ್ಣದ ಕಲ್ಲಾಗಲಿ, ಸೀಮೆಸುಣ್ಣವಾಗಲಿ, ಅಮೃತಶಿಲೆಯಾಗಲಿ, ಆಸಿಡ್ಡಿಗೆ ಎಲ್ಲ ಒಂದೇ. 1858ರಿಂದ ನ್ಯೂಯಾರ್ಕಿನಲ್ಲಿ ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲ್ ಅನ್ನುವ ದೊಡ್ಡ ಚರ್ಚು ಕಟ್ಟುತ್ತಿದ್ದರು. ಅಲ್ಲಿ ಕೆತ್ತಿ ಬಿಸಾಡಿದ ಅಮೃತಶಿಲೆಯ ಚೂರುಗಳನ್ನು ಮ್ಯಾಥ್ಯೂಸ್ ಕೊಂಡುಕೊಂಡ ಅಂತ ಸೋಡಾದ ಚರಿತ್ರೆ ಬರೆದವರು ಹೇಳುತ್ತಾರೆ. ಇಡೀ ಕಲ್ಲು ಚರ್ಚಿನ ಗೋಡೆಗೆ, ಪುಡಿ ಊರಿನವರ ಹೊಟ್ಟೆಗೆ.

ಒತ್ತಡ ಹೆಚ್ಚಾದರೆ ಹಂಡೆ ಸಿಡಿಯುವ ಭಯ ಇತ್ತು. ಮ್ಯಾಥ್ಯೂಸನ ಬಳಿ ಬೆನ್ ಆಸ್ಟನ್ ಅನ್ನುವ ಒಬ್ಬ ಕೆಲಸಗಾರ ಇದ್ದ. ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದವನು. ಗ್ಯಾಸು ಬರುವ ತೂತಿಗೆ ಅವನು ತನ್ನ ಹೆಬ್ಬೆರಳು ಒತ್ತಿ ಹಿಡಿಯುತ್ತಿದ್ದನಂತೆ. ಗ್ಯಾಸು ಬೆರಳನ್ನು ತಳ್ಳಿತೋ, ಒತ್ತಡ 150 ಪೌಂಡ್ ತಲುಪಿತು ಅಂತ ಲೆಕ್ಕ. ಕಾರಿನ ಟೈರಿಗೆ ನಾವು ಹೊಡೆಸುವ ಗಾಳಿ 30ರಿಂದ 35 ಪೌಂಡ್. ಅದರ ನಾಲ್ಕೈದು ಪಟ್ಟು ಒಬ್ಬ ಮನುಷ್ಯನ ಹೆಬ್ಬೆರಳ ಮೇಲೆ. ಯಂತ್ರದ ಮೇಲೆ ಮ್ಯಾಥ್ಯೂಸನ ಹೆಸರು ಬಂತು, ಹೆಬ್ಬೆರಳಿನ ಕಥೆ ಮಾತ್ರ ಬೆನ್ ಪಾಲಿಗೆ.

ತೂಗುವ ಪೀಪಾಯಿ ಅಂದಾಗ ನನಗೆ ನೆನಪಾದದ್ದು ನಮ್ಮ ಗೋಲಿ ಸೋಡಾ ಮಾಡುವ ಮಿಷನ್ನು. ಸಣ್ಣ ಊರುಗಳಲ್ಲಿ ನೋಡಿರುತ್ತೀರಿ. ಬಾಟಲಿಗಳನ್ನು ಪೆಟ್ಟಿಗೆಯಲ್ಲಿ ಸಿಕ್ಕಿಸಿ, ಸಿಲಿಂಡರಿನ ಗ್ಯಾಸು ಬಿಟ್ಟು, ಹಿಡಿ ಹಿಡಿದು ಗರಗರ ತಿರುಗಿಸುತ್ತಾರೆ. ಚಿಕ್ಕವನಿದ್ದಾಗ ಅದು ಗೋಲಿ ಕೂರಿಸಲು ಅಂತಲೇ ನಾನು ತಿಳಿದಿದ್ದೆ. ಅರ್ಧ ನಿಜ. ಬಾಟಲಿ ತಲೆಕೆಳಗಾದಾಗ ಗೋಲಿ ಕತ್ತಿಗೆ ಬರುತ್ತದೆ, ಗ್ಯಾಸಿನ ಒತ್ತಡ ಅದನ್ನು ರಬ್ಬರ್ ಉಂಗುರಕ್ಕೆ ಅದುಮಿ ಬಾಯಿ ಮುಚ್ಚುತ್ತದೆ. ಉಳಿದರ್ಧ, ಆ ತಿರುಗಾಟದಲ್ಲೇ ಗ್ಯಾಸು ನೀರಿಗೆ ಕೂಡುತ್ತದೆ. ಮ್ಯಾಥ್ಯೂಸ್ ಪೀಪಾಯಿಯಲ್ಲಿ ಮಾಡಿದ್ದನ್ನು ನಮ್ಮವರು ಒಂದೊಂದು ಬಾಟಲಿಯಲ್ಲೇ ಮಾಡುತ್ತಾರೆ. ಆ ಬಾಟಲಿಯ ಉಪಾಯ ಮಾತ್ರ ಇಂಗ್ಲೆಂಡಿನದು, 1870ರ ದಶಕದಲ್ಲಿ ಹೈರಮ್ ಕಾಡ್ ಪೇಟೆಂಟ್ ಮಾಡಿಸಿದ್ದು. ಅಲ್ಲಿ ಅದು ಹೆಚ್ಚುಕಡಿಮೆ ಮರೆತೇಹೋಗಿದೆ. ನಮ್ಮಲ್ಲಿ ಇನ್ನೂ ಠಪ್ ಅನ್ನುತ್ತಿದೆ.

ನಲ್ಲಿಯ ಎರಡು ಧಾರೆ

ಫೌಂಟನ್ ಅನ್ನುವುದು ಅಂಗಡಿಗಷ್ಟೇ ಅಲ್ಲ, ಸೋಡಾ ಬಿಡುವ ಯಂತ್ರಕ್ಕೂ ಹೆಸರು. ಹಳೆಯ ಫೌಂಟನ್‌ಗಳ ಚಿತ್ರ ನೋಡಿದರೆ ಗುಡಿಯ ಮಂಟಪದ ಹಾಗಿರುತ್ತವೆ. ಬಣ್ಣಬಣ್ಣದ ಅಮೃತಶಿಲೆ, ಬೆಳ್ಳಿ ಮುಲಾಮಿನ ನಲ್ಲಿ, ಮೇಲೊಂದು ಶಿಲ್ಪ. ಒಳಗೆ ಇದ್ದದ್ದು ಐಸು ಮತ್ತು ಸುರುಳಿ ಸುತ್ತಿದ ಕೊಳವೆ. ಸೋಡಾ ನೀರು ಆ ಕೊಳವೆಯಲ್ಲಿ ಹಾದು, ತಣ್ಣಗಾಗಿಯೇ ಹೊರಗೆ ಬರಬೇಕು. ಯಾಕೆ ಅಂತ ಈಗ ಗೊತ್ತಿದೆ. ದಾರಿಯಲ್ಲಿ ಬಿಸಿಯಾದರೆ ಗ್ಯಾಸು ಲೋಟದಲ್ಲೇ ಹಾರಿಹೋಗುತ್ತದೆ.

1876ರಲ್ಲಿ ಫಿಲಡೆಲ್ಫಿಯಾದಲ್ಲಿ ದೇಶದ ನೂರನೇ ವರ್ಷದ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಸೋಡಾ ಮಾರುವ ಹಕ್ಕಿಗೆ ಜೇಮ್ಸ್ ಟಫ್ಟ್ಸ್ ಮತ್ತು ಚಾರ್ಲ್ಸ್ ಲಿಪಿನ್‌ಕಾಟ್ ಅನ್ನುವ ಇಬ್ಬರು ಫೌಂಟನ್ ತಯಾರಕರು 50,000 ಡಾಲರ್ ಕೊಟ್ಟರು. ಟಫ್ಟ್ಸ್ ಮೂರು ಮಹಡಿಯಷ್ಟು ಎತ್ತರದ ಫೌಂಟನ್ ನಿಲ್ಲಿಸಿದ. ಅವನಿಗೆ ಬೇಕಾಗಿದ್ದು ಸೋಡಾ ಕುಡಿಯುವವರಲ್ಲ. ಊರಿಗೆ ಹೋಗಿ ತಮ್ಮ ಅಂಗಡಿಗೂ ಇಂಥದ್ದೊಂದು ಬೇಕು ಅನ್ನುವ ಔಷಧ ವ್ಯಾಪಾರಿಗಳು. ಸಿಕ್ಕರು ಕೂಡ.

ನೀವು ಇಂಥ ಅಂಗಡಿಗೆ ಹೋದರೆ ಅಲಂಕಾರ ನೋಡಿ, ಬೇಡ ಅನ್ನುವುದಿಲ್ಲ. ಆದರೆ ನಲ್ಲಿ ನೋಡುವುದನ್ನು ಮರೆಯಬೇಡಿ. ಕೌಂಟರಿನ ಮೇಲೆ ಹಂಸದ ಕತ್ತಿನ ಹಾಗೆ ಬಗ್ಗಿದ ನಲ್ಲಿ ಇರುತ್ತದೆ, ಮೇಲೊಂದು ಹಿಡಿ. ಹಿಡಿಯನ್ನು ಒಂದು ಕಡೆ ಎಳೆದರೆ ದಪ್ಪ ಧಾರೆ ಮೆಲ್ಲಗೆ ಬರುತ್ತದೆ. ಇನ್ನೊಂದು ಕಡೆ ತಳ್ಳಿದರೆ ಸೂಜಿಯಂಥ ಸಣ್ಣ ಧಾರೆ ರಭಸವಾಗಿ ಬರುತ್ತದೆ. ದಪ್ಪ ಧಾರೆ ಲೋಟ ತುಂಬಿಸಲು. ಮೆಲ್ಲಗೆ ಬೀಳುವುದರಿಂದ ಗ್ಯಾಸು ಕದಡುವುದಿಲ್ಲ. ಸಣ್ಣ ಧಾರೆ ಬೇಕಂತಲೇ ಕದಡಲು. ತಳದ ಪಾಕ ಅದರಿಂದಲೇ ಮೇಲೆದ್ದು ಬೆರೆಯುತ್ತದೆ, ನೊರೆಯೂ ಏಳುತ್ತದೆ. ಚಮಚ ಹಾಕಿ ತಿರುಗಿಸಿದರೆ ಗ್ಯಾಸೆಲ್ಲ ಹೋಗುತ್ತದಲ್ಲ, ಅದಕ್ಕೇ ಈ ಉಪಾಯ. ಯಾವಾಗ ಯಾವ ಧಾರೆ, ಎಷ್ಟು ಹೊತ್ತು ಅನ್ನುವುದು ಹುಡುಗನ ಕೈಯ ಹದ. ಹೀಗೆ ಹಿಡಿಯನ್ನು ಜಗ್ಗುವವನಾದ್ದರಿಂದ ಅವನಿಗೆ ಸೋಡಾ ಜರ್ಕ್ ಅಂತ ಹೆಸರು. ಜರ್ಕ್ ಅಂದರೆ ಜಗ್ಗು. ಇವತ್ತಿನ ಇಂಗ್ಲಿಷಿನಲ್ಲಿ ಅದು ಬೈಗುಳವೂ ಹೌದು. ಹಾಗಾಗಿ ಕೌಂಟರಿನ ಹುಡುಗನನ್ನು ಕೂಗಿ ಕರೆಯಲು ಹೋಗಬೇಡಿ.

ಅವರಿಗೆ ತಮ್ಮದೇ ಭಾಷೆಯೂ ಇತ್ತು. ಆಡಮ್ಸ್ ಏಲ್ ಅಂದರೆ ಬರೀ ನೀರು. ಹೌಸ್ ಬೋಟ್ ಅಂದರೆ ಬನಾನಾ ಸ್ಪ್ಲಿಟ್, ಸೀಳಿದ ಬಾಳೆಹಣ್ಣಿನ ಜೊತೆ ಐಸ್‌ಕ್ರೀಮ್. ಎಯ್ಟಿ ಸಿಕ್ಸ್ ಅಂದರೆ ಖಾಲಿಯಾಯಿತು. ದರ್ಶಿನಿಯಲ್ಲಿ ನಿಂತು "ಒಂದ್ ಡಿಪ್, ಬೈ ಟೂ ಎರಡು" ಅನ್ನುವುದನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲಿಗೆಯ ಚುರುಕು ಎಲ್ಲಿಂದ

ಸೋಡಾ ಕುಡಿದಾಗ ಚುಚ್ಚುವುದು ಗುಳ್ಳೆ ಒಡೆಯುವುದರಿಂದ ಅಂತ ನಾನೂ ಅಂದುಕೊಂಡಿದ್ದೆ. ಗುಳ್ಳೆಯ ಪಾಲು ಅದರಲ್ಲಿ ಕಡಿಮೆ. ನೀರಿನಲ್ಲಿ ಕರಗಿದ ಗ್ಯಾಸಿನ ಒಂದಿಷ್ಟು ಭಾಗ ಕಾರ್ಬಾನಿಕ್ ಆಮ್ಲವಾಗುತ್ತದೆ. ನಾಲಿಗೆಯಲ್ಲಿರುವ ಒಂದು ಕಿಣ್ವ ಈ ಕೆಲಸವನ್ನು ಜೋರು ಮಾಡುತ್ತದೆ. ನಮಗೆ ಚುರುಕು ಅನ್ನಿಸುವುದು ಈ ಹುಳಿ. ಬೆಟ್ಟ ಹತ್ತುವವರು ಎತ್ತರದ ಕಾಯಿಲೆ ತಡೆಯಲು ಅಸೆಟಜೋಲಮೈಡ್ ಅನ್ನುವ ಮಾತ್ರೆ ನುಂಗುತ್ತಾರೆ. ಅದು ಆ ಕಿಣ್ವವನ್ನೇ ತಡೆಯುತ್ತದೆ. ಮಾತ್ರೆ ನುಂಗಿದವರು ತುದಿಗೆ ಹೋಗಿ ಬಿಯರ್ ತೆರೆದರೆ ಗುಳ್ಳೆ ಏಳುತ್ತಿರುತ್ತದೆ, ಬಾಯಿಗೆ ಮಾತ್ರ ಪಾತ್ರೆ ತೊಳೆದ ನೀರಿನ ಹಾಗಿರುತ್ತದಂತೆ.

ಹಳೇ ಫೌಂಟನ್ನಿನ ಫಾಸ್ಫೇಟ್ ಅನ್ನುವ ಪಾನೀಯ ಅರ್ಥವಾಗಬೇಕಾದರೆ ಈ ಹುಳಿಯ ಲೆಕ್ಕ ಗೊತ್ತಿರಬೇಕು. ಹೆಸರು ಕೇಳಿ ಗೊಬ್ಬರದ ಅಂಗಡಿ ನೆನಪಾದರೆ ನಿಮ್ಮ ತಪ್ಪಲ್ಲ. ನನ್ನ ಭಾವ ಪಟ್ಟಿ ನೋಡಿ, "ಯೂರಿಯಾನೂ ಇದೆಯಾ ಕೇಳಪ್ಪ" ಅಂದರು. ಫಾಸ್ಫಾರಿಕ್ ಆಮ್ಲವನ್ನು ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದ ಲವಣಗಳ ಜೊತೆ ಸೇರಿಸಿ ಹದ ಮಾಡಿದ ದ್ರಾವಣ ಅದು. ಕೆಲವು ಹನಿ ಸಾಕು. ನಿಂಬೆಹಣ್ಣು ಹಿಂಡಿದರೆ ಹುಳಿಯ ಜೊತೆ ನಿಂಬೆಯ ಘಮವೂ ಬರುತ್ತದೆ, ಚೆರಿ ಪಾಕದ ಮೇಲೆ ಕೂತುಬಿಡುತ್ತದೆ. ಫಾಸ್ಫೇಟಿಗೆ ಅದರದ್ದು ಅಂತ ಘಮ ಇಲ್ಲ, ಬರೀ ಹುಳಿ. ಸಿಹಿಯ ಅಂಟು ಕಡಿಮೆಯಾಗಿ ಚೆರಿ ಚೆರಿಯಾಗಿಯೇ ಉಳಿಯುತ್ತದೆ. ಕೋಕಾ ಕೋಲಾದ ಹುಳಿಯೂ ಫಾಸ್ಫಾರಿಕ್ ಆಮ್ಲದ್ದೇ. ಇಂಥ ಅಂಗಡಿಯಲ್ಲಿ ಒಂದೇ ಒಂದು ಕುಡಿಯಲು ಸಾಧ್ಯ ಅಂದರೆ ಐಸ್‌ಕ್ರೀಮ್ ಬಿಟ್ಟು ಚೆರಿ ಫಾಸ್ಫೇಟ್ ತಗೊಳ್ಳಿ ಅನ್ನುತ್ತೇನೆ. ಐಸ್‌ಕ್ರೀಮ್ ಎಲ್ಲಾದರೂ ಸಿಗುತ್ತದೆ.

ಐಸ್‌ಕ್ರೀಮ್ ಬಿದ್ದಾಗ

1874ರಲ್ಲಿ, ಇದೇ ಫಿಲಡೆಲ್ಫಿಯಾದಲ್ಲಿ, ಫ್ರಾಂಕ್ಲಿನ್ ಇನ್‌ಸ್ಟಿಟ್ಯೂಟಿನ ಪ್ರದರ್ಶನದಲ್ಲಿ ರಾಬರ್ಟ್ ಗ್ರೀನ್ ಅನ್ನುವವನು ಸೋಡಾ ಮಾರುತ್ತಿದ್ದ. ಆ ಕಾಲಕ್ಕೆ ಸೋಡಾಗೆ ಕೆನೆ ಹಾಕಿ ಕೊಡುವ ರೂಢಿ ಇತ್ತು. ಕೆನೆ ಮುಗಿದಾಗ ಐಸ್‌ಕ್ರೀಮ್ ಹಾಕಿದ, ಅದೇ ಹಿಟ್ ಆಯಿತು ಅನ್ನುವುದು ಎಲ್ಲರೂ ಹೇಳುವ ಕಥೆ. ಗ್ರೀನ್ ತಾನೇ ಹೇಳಿದ ಕಥೆ ಬೇರೆ. ಎದುರಾಳಿಯ ಫೌಂಟನ್ ದೊಡ್ಡದಿತ್ತು, ಗಿರಾಕಿಗಳನ್ನು ಸೆಳೆಯಲು ಏನಾದರೂ ಹೊಸದು ಬೇಕಿತ್ತು, ಯೋಚನೆ ಮಾಡಿಯೇ ಮಾಡಿದೆ ಅಂತ. ನನಗೆ ಎರಡನೆಯದೇ ನಂಬಿಕೆಗೆ ಹತ್ತಿರ. ಇದು ತನ್ನದೇ ಅನ್ನಲು ಬೇರೆಯವರೂ ಇದ್ದರು. ಗ್ರೀನ್ ಬಿಟ್ಟುಕೊಡಲಿಲ್ಲ, ಐಸ್‌ಕ್ರೀಮ್ ಸೋಡಾ ಹುಟ್ಟುಹಾಕಿದವನು ಅಂತ ಅವನ ಸಮಾಧಿಯ ಕಲ್ಲಿನ ಮೇಲೇ ಕೆತ್ತಿದೆ.

ಸೋಡಾಗೆ ಐಸ್‌ಕ್ರೀಮ್ ಬಿದ್ದರೆ ಉಕ್ಕುವುದು ಯಾಕೆ? ನೀರಿನಲ್ಲಿರುವ ಗ್ಯಾಸು ಹೊರಬರಲು ಕಾಯುತ್ತಿರುತ್ತದೆ. ಆದರೆ ಬರೀ ನೀರಿನ ನಡುವೆ ಹೊಸ ಗುಳ್ಳೆ ಹುಟ್ಟುವುದು ಕಷ್ಟ. ಅದಕ್ಕೆ ಒಂದು ಆಸರೆ ಬೇಕು. ಒರಟು ಜಾಗ, ಸಣ್ಣ ಬಿರುಕು, ಮೊದಲೇ ಇರುವ ಗಾಳಿಯ ಚುಕ್ಕೆ ಇಂಥದ್ದು. ಐಸ್‌ಕ್ರೀಮಿನಲ್ಲಿ ಇದಕ್ಕೆ ಬರವೇ ಇಲ್ಲ. ಅದನ್ನು ಮಾಡುವಾಗಲೇ ಕಡೆದು ಗಾಳಿ ಸೇರಿಸಿರುತ್ತಾರೆ, ಜೊತೆಗೆ ಮಂಜಿನ ಹರಳುಗಳಿವೆ. ಸಾವಿರಾರು ಆಸರೆ ಒಟ್ಟಿಗೆ ಸಿಕ್ಕಿದ ಕೂಡಲೇ ಗ್ಯಾಸು ನುಗ್ಗಿ ಬರುತ್ತದೆ. ಅಷ್ಟೇ ಆಗಿದ್ದರೆ ಗುಳ್ಳೆ ಎದ್ದು ಒಡೆದು ಮುಗಿಯುತ್ತಿತ್ತು. ಆದರೆ ಕರಗಿದ ಐಸ್‌ಕ್ರೀಮಿನಲ್ಲಿ ಹಾಲಿನ ಪ್ರೋಟೀನು ಇದೆ. ಅದು ಪ್ರತಿ ಗುಳ್ಳೆಗೂ ಒಂದು ಅಂಗಿ ತೊಡಿಸುತ್ತದೆ. ಅಂಗಿ ತೊಟ್ಟ ಗುಳ್ಳೆ ಬೇಗ ಒಡೆಯುವುದಿಲ್ಲ, ಒಂದರ ಮೇಲೊಂದು ಕೂತು ಗಟ್ಟಿ ನೊರೆಯಾಗುತ್ತದೆ.

ಮನೆಯಲ್ಲಿ ನಾನು ಮಾಡಿದ್ದೇನು? ಪೂರ್ತಿ ಐಸ್‌ಕ್ರೀಮನ್ನು ತಳದಲ್ಲಿಟ್ಟು, ಬೆಚ್ಚಗಿನ ಸೋಡಾವನ್ನು ಎತ್ತರದಿಂದ ಸುರಿದಿದ್ದೆ. ಗ್ಯಾಸು ಓಡಿಹೋಗಲು ಇರುವ ದಾರಿಗಳನ್ನೆಲ್ಲ ಒಟ್ಟಿಗೆ ತೆರೆದಿಟ್ಟಿದ್ದೆ. ಫಿಲಡೆಲ್ಫಿಯಾದ ಹುಡುಗ ಸ್ವಲ್ಪ ಐಸ್‌ಕ್ರೀಮನ್ನಷ್ಟೇ ಮೊದಲು ಕಲಸಿದ್ದ. ಅದು ನೊರೆಗೆ ಬೇಕಾದ ಪ್ರೋಟೀನಿಗೆ. ಉಂಡೆಯನ್ನು ಅಂಚಿಗೆ ಸಿಕ್ಕಿಸಿದ್ದು, ನೀರಿಗೆ ತಾಗುವ ಜಾಗ ಕಡಿಮೆಯಾಗಲಿ ಅಂತ. ಲೋಟ ಉದ್ದ, ಯಾಕೆಂದರೆ ನೊರೆಗೆ ಮೇಲೆ ಜಾಗ ಬೇಕು.

ಇದೇ ಹಾಲು ಸೋಡಾ ಲೆಕ್ಕದಲ್ಲಿ ನ್ಯೂಯಾರ್ಕಿನವರದ್ದು ಎಗ್ ಕ್ರೀಮ್. ಹೆಸರಲ್ಲಿ ಮೊಟ್ಟೆ ಇದೆ, ಕೆನೆ ಇದೆ. ಲೋಟದಲ್ಲಿ ಎರಡೂ ಇಲ್ಲ. ಚಾಕೊಲೇಟ್ ಪಾಕ, ತಣ್ಣನೆಯ ಹಾಲು, ರಭಸದ ಸೋಡಾ, ಅಷ್ಟೇ. ಮೇಲೆ ಬರುವ ಬಿಳಿ ನೊರೆ ಮೊಟ್ಟೆಯ ಬಿಳಿ ಕಡೆದ ಹಾಗೆ ಕಾಣುತ್ತದೆ. ಮೊಟ್ಟೆ ತಿನ್ನದವರು ಹೆಸರಿಗೆ ಹೆದರಿ ಬಿಡಬೇಕಾಗಿಲ್ಲ. ನಿಜವಾದ ಹಳೇ ಅಂಗಡಿಯೇ ಬೇಕು ಅನ್ನುವವರಿಗೆ ಅಲ್ಲಿ 1925ರ ಲೆಕ್ಸಿಂಗ್ಟನ್ ಕ್ಯಾಂಡಿ ಶಾಪ್ ಇದೆ. ಅಲ್ಲಿ ಈಗಲೂ ಕೋಕಾ ಕೋಲಾವನ್ನು ಪಾಕಕ್ಕೆ ಸೋಡಾ ಬೆರೆಸಿ ಕಣ್ಣೆದುರೇ ಮಾಡಿಕೊಡುತ್ತಾರೆ.

ಪಟ್ಟಿಯಲ್ಲಿ ಮಾಲ್ಟ್ ಅಂತ ಕಂಡರೆ ಅದು ನಮ್ಮ ಹಾರ್ಲಿಕ್ಸಿನ ಸಂಬಂಧಿ ಅಂತ ತಿಳಿಯಿರಿ. ಸಂಬಂಧಿ ಏನು, ಅದೇ. ಇಂಗ್ಲೆಂಡಿನಿಂದ ಹೋದ ಹಾರ್ಲಿಕ್ ಅಣ್ಣತಮ್ಮಂದಿರು ವಿಸ್ಕಾನ್ಸಿನ್‌ನ ರೆಸೀನ್ ಊರಿನಲ್ಲಿ ಮೊಳಕೆ ಬಾರ್ಲಿ, ಗೋಧಿ, ಹಾಲಿನಿಂದ ಮಾಡಿದ ಪುಡಿ ಅದು. ಮಕ್ಕಳಿಗೆ, ಕಾಯಿಲೆಯವರಿಗೆ ಅಂತ ಮಾಡಿದ್ದು. ಔಷಧದಂಗಡಿಗೆ ಬಂದ ಮೇಲೆ ಪಕ್ಕದಲ್ಲೇ ಇದ್ದ ಫೌಂಟನ್ನಿಗೂ ಬಂತು. 1922ರಲ್ಲಿ ಷಿಕಾಗೊದ ವಾಲ್‌ಗ್ರೀನ್ಸ್ ಅಂಗಡಿಯ ಕೂಲ್ಸನ್ ಅನ್ನುವ ನೌಕರ ಆ ಪುಡಿಯ ಹಾಲಿಗೆ ಎರಡು ಉಂಡೆ ಐಸ್‌ಕ್ರೀಮ್ ಹಾಕಿ ಕಡೆದ. ಪರೀಕ್ಷೆಯ ಹಿಂದಿನ ರಾತ್ರಿ ಅಮ್ಮ ಬಲವಂತದಿಂದ ಕುಡಿಸುತ್ತಿದ್ದ ಲೋಟಕ್ಕೆ ಜನ ಅಲ್ಲಿ ಸಾಲು ನಿಂತರು.

ಐಸ್‌ಕ್ರೀಮಿನ ಮೇಲೆ ಪಾಕ ಸುರಿದು ಕೊಡುವ ಸಂಡೇ ಎಲ್ಲಿ ಹುಟ್ಟಿತು ಅನ್ನುವ ಜಗಳ ವಿಸ್ಕಾನ್ಸಿನ್‌ನ ಟೂ ರಿವರ್ಸ್ ಮತ್ತು ನ್ಯೂಯಾರ್ಕ್ ರಾಜ್ಯದ ಇಥಾಕಾ ನಡುವೆ ಇನ್ನೂ ಇದೆ. ಬನಾನಾ ಸ್ಪ್ಲಿಟ್ 1904ರಲ್ಲಿ ಪೆನ್ಸಿಲ್ವೇನಿಯಾದ ಲಟ್ರೋಬ್ ಊರಿನ ಔಷಧದಂಗಡಿಯದು. ಇವುಗಳಲ್ಲಿ ಸೋಡಾ ಇಲ್ಲ. ಫೌಂಟನ್ನಿನಿಂದ ನಮ್ಮ ಕಡೆಗೆ ತಲುಪಿದ್ದು ಮುಖ್ಯವಾಗಿ ಈ ಕವಲು. ಮಂಗಳೂರಿನ ಗಡ್‌ಬಡ್ ನೋಡಿ. ಉದ್ದ ಲೋಟ, ಉದ್ದ ಚಮಚ, ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೋಡಂಬಿ. ಸೋಡಾ ಮಾತ್ರ ಹೊರಗೆ ಗಾಡಿಯಲ್ಲಿ, ನಿಂಬೆಹುಳಿ ಉಪ್ಪಿನ ಜೊತೆ. ಅಲ್ಲಿ ಒಂದೇ ಕಟ್ಟೆಯ ಮೇಲಿದ್ದ ಎರಡು ನಮ್ಮಲ್ಲಿ ಬೀದಿಯ ಎರಡು ಬದಿ ಹಂಚಿಕೊಂಡಿವೆ.

ಯಾರು ಕೂರಬಹುದಿತ್ತು

1920ರಲ್ಲಿ ಅಮೆರಿಕದಲ್ಲಿ ಪಾನನಿಷೇಧ ಬಂತು, 1933ರವರೆಗೆ ಇತ್ತು. ಬಾರುಗಳು ಮುಚ್ಚಿದವು, ಫೌಂಟನ್‌ಗಳು ತುಂಬಿದವು. ಪೆನ್ಸಿಲ್ವೇನಿಯಾದ ಯೂಂಗ್ಲಿಂಗ್ ಬಿಯರ್ ಮನೆತನ ಐಸ್‌ಕ್ರೀಮ್ ಡೇರಿಯನ್ನೇ ತೆರೆಯಿತು. ಊರಿನ ಹುಡುಗ ಹುಡುಗಿಯರು ಸೇರುವ ಜಾಗ, ಎಲ್ಲರ ಜಾಗ ಅಂತ ಹಳೇ ಜಾಹೀರಾತುಗಳು ತೋರಿಸುತ್ತವೆ.

ಎಲ್ಲರದ್ದಾಗಿರಲಿಲ್ಲ. ಎಷ್ಟೋ ಊರುಗಳಲ್ಲಿ ಕಪ್ಪು ಜನರು ಅದೇ ಅಂಗಡಿಯಲ್ಲಿ ಔಷಧ ಕೊಳ್ಳಬಹುದಿತ್ತು, ಸೋಡಾ ಕಟ್ಟಿಸಿಕೊಂಡು ಹೋಗಬಹುದಿತ್ತು, ಕೌಂಟರಿನ ಸ್ಟೂಲಿನ ಮೇಲೆ ಕೂರುವಂತಿರಲಿಲ್ಲ. ಹೋಟೆಲಿನ ಹೊರಗೆ ಬೇರೆ ಲೋಟ ಇಟ್ಟಿದ್ದ ನಾಡಿನವರು ನಾವು, ನಮಗಿದು ಬೇಗ ಅರ್ಥವಾಗಬೇಕು. 1958ರ ಜುಲೈನಲ್ಲಿ ಕ್ಯಾನ್ಸಸ್‌ನ ವಿಚಿಟಾದಲ್ಲಿ ಡಾಕಮ್ ಔಷಧದಂಗಡಿಯ ಫೌಂಟನ್ನಿಗೆ ಕಪ್ಪು ವಿದ್ಯಾರ್ಥಿಗಳು ಹೋಗಿ ಸ್ಟೂಲುಗಳ ಮೇಲೆ ಕೂತರು. ಏನೂ ಕೊಡಲಿಲ್ಲ. ಮಾರನೇ ದಿನಗಳಲ್ಲೂ ಬಂದು ಕೂತರು. ಮೂರು ವಾರಕ್ಕೂ ಹೆಚ್ಚು. ಕೊನೆಗೆ ಅಂಗಡಿಯವರು ಸೋತರು. 1960ರ ಫೆಬ್ರುವರಿ 1ರಂದು ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೋ ಊರಿನ ವೂಲ್‌ವರ್ತ್ ಅಂಗಡಿಯ ಕೌಂಟರಿನಲ್ಲಿ ನಾಲ್ವರು ವಿದ್ಯಾರ್ಥಿಗಳು ಕೂತಾಗ ಅದು ದೇಶಕ್ಕೆಲ್ಲ ಹಬ್ಬಿತು. ಆ ಕೌಂಟರಿನ ಒಂದು ತುಂಡು ಈಗ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಅಮೃತಶಿಲೆಯ ಮಂಟಪಗಳಿಗಿಂತ ಆ ನಾಲ್ಕು ಸ್ಟೂಲುಗಳನ್ನು ನೋಡುವ ಆಸೆ ನನಗೆ ಜಾಸ್ತಿ.

ಹೊತ್ತಿಗೆ ಸರಿಯಾಗಿ ಫೌಂಟನ್‌ಗಳ ಕಾಲವೂ ಮುಗಿಯುತ್ತಿತ್ತು. 1892ರಲ್ಲೇ ಬಾಟಲಿಗೆ ಲೋಹದ ಮುಚ್ಚಳ ಬಂದಿತ್ತು. ಆ ಒಂದು ಬಿಲ್ಲೆ ಗ್ಯಾಸನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಮನೆಗೆ ಫ್ರಿಜ್ ಬಂದ ಮೇಲೆ ತಂಪೂ ಮನೆಯಲ್ಲೇ ಆಯಿತು. ಇನ್ನು ನಲ್ಲಿ ಜಗ್ಗುವ ಹುಡುಗ ಯಾಕೆ? ಜನ ಕಾರು ಹತ್ತಿ ಊರಾಚೆ ಹೋದರು. ಔಷಧದಂಗಡಿಯವರಿಗೆ ಹತ್ತು ಸ್ಟೂಲಿನ ಜಾಗದಲ್ಲಿ ಶ್ಯಾಂಪೂ ಜೋಡಿಸಿದರೆ ಲಾಭ ಹೆಚ್ಚು ಅಂತ ಕಂಡಿತು.

ಊರಿಗೆ ಬಂದ ಮೇಲೆ ಇನ್ನೊಂದು ಸಲ ಪ್ರಯತ್ನಿಸಿದೆ. ಗೋಲಿ ಸೋಡಾ ತಂದು ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಟ್ಟೆ. ಲೋಟವನ್ನೂ ಒಳಗಿಟ್ಟೆ. ತಳಕ್ಕೆ ಎರಡು ಚಮಚ ನನ್ನಾರಿ ಪಾಕ, ಒಂದು ಚಮಚ ಐಸ್‌ಕ್ರೀಮ್ ಹಾಕಿ ಕಲಸಿದೆ. ಗೋಲಿ ಒತ್ತಿದೆ, ಲೋಟ ಓರೆ ಮಾಡಿ ಗೋಡೆಗುಂಟ ಸೋಡಾ ಇಳಿಸಿದೆ. ಮುಕ್ಕಾಲಿಗೆ ನಿಲ್ಲಿಸಿ ಉಂಡೆಯನ್ನು ಅಂಚಿಗೆ ಸಿಕ್ಕಿಸಿದೆ. ಅದು ಜಾರಿ ಒಳಗೇ ಬಿತ್ತು. ನೊರೆ ಎದ್ದಿತು, ಅಂಚಿಗೆ ಬಂದಿತು, ಒಂದು ಹನಿ ಲೋಟದ ಹೊರಗೆ ಇಳಿಯಿತು. ಪೇಪರನ್ನು ಈ ಸಲ ಮೊದಲೇ ಎತ್ತಿಟ್ಟಿದ್ದೆ.